ಬ್ಲೋವರ್ ತಿರುಗಿದ್ದು 9ನೇ ದಿನ, ನೀರು ಸರಿಹೋದದ್ದು 77ನೇ ದಿನ: ಕೊಳಚೆನೀರು ಘಟಕವೊಂದರ ದುರಸ್ತಿ ದಾಖಲೆ

ಕೊಡಗಿನ ಒಂದು ಸಣ್ಣ ಪಟ್ಟಣದ ಕೊಳಚೆನೀರು ಶುದ್ಧೀಕರಣ ಘಟಕವನ್ನು ನಡೆಸುವ ಹೊಣೆ ನನ್ನದು. ಕಳೆದ ಮಳೆಗಾಲದಲ್ಲಿ, ಜುಲೈ 11ರ ರಾತ್ರಿ, ಏರೇಷನ್ ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್‌ನ ಮೋಟರ್ ಸುಟ್ಟುಹೋಯಿತು. ನಾವು ಹೊರಬಿಡುವ ನೀರು ಮತ್ತೆ ಪರವಾನಗಿಯ ಮಿತಿಯೊಳಗೆ ಬಂದದ್ದು ಸೆಪ್ಟೆಂಬರ್ 26ರಂದು. ಆ 77 ದಿನಗಳ ಲಾಗ್‌ಬುಕ್ಕನ್ನು ಎದುರಿಗಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಇಂಥದೇ ಘಟಕ ನಡೆಸುವವರಿಗೆ ನಾವು ಸರಿಯಾಗಿ ಮಾಡಿದ ಕೆಲಸಕ್ಕಿಂತ ಕೆಡಿಸಿಕೊಂಡ ಕೆಲಸವೇ ಹೆಚ್ಚು ಉಪಯೋಗಕ್ಕೆ ಬಂದೀತೆಂದು ತಪ್ಪುಗಳನ್ನು ಇದ್ದ ಹಾಗೆಯೇ ಇಟ್ಟಿದ್ದೇನೆ.

ಘಟಕದ ಸ್ವರೂಪ

ಘಟಕದ ಸಾಮರ್ಥ್ಯ ದಿನಕ್ಕೆ 8 ಲಕ್ಷ ಲೀಟರ್. ಬೇಸಿಗೆಯಲ್ಲಿ ಬರುವುದು ಸುಮಾರು 6 ಲಕ್ಷ. ಏರೇಷನ್ ಟ್ಯಾಂಕ್ 16 ಮೀಟರ್ ಉದ್ದ, 10 ಮೀಟರ್ ಅಗಲವಿದ್ದು, ನಡುಗೋಡೆಯಿಂದ ಎರಡು ಕೋಣೆಗಳಾಗಿದೆ. ನೀರಿನ ಆಳ 4.5 ಮೀಟರ್, ಅದರಲ್ಲಿ ಕೆಳಗಿನ 2 ಮೀಟರ್ ನೆಲದೊಳಗಿದೆ. ತಳದಲ್ಲಿ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ, ಕೋಣೆಗೆ 48ರಂತೆ 96 ರಬ್ಬರ್ ಪೊರೆಯ ಡಿಫ್ಯೂಸರ್ ತಟ್ಟೆಗಳಿವೆ. ಗಂಟೆಗೆ 450 ಘನ ಮೀಟರ್ ಗಾಳಿ ಕೊಡುವ, 15 ಎಚ್‌ಪಿ ಮೋಟರಿನ ಎರಡು ಟ್ವಿನ್‌ಲೋಬ್ ಬ್ಲೋವರ್‌ಗಳಿದ್ದು, ಒಂದು ಓಡುವಾಗ ಇನ್ನೊಂದು ಕಾಯ್ದಿರಬೇಕು. ಅನಂತರ ಕೆಸರನ್ನು ತಳಕ್ಕಿಳಿಸಿ ನೀರನ್ನು ತಿಳಿ ಮಾಡುವ ಕ್ಲಾರಿಫೈಯರ್, ಮರಳಿನ ಫಿಲ್ಟರ್ ಮತ್ತು ಕ್ಲೋರಿನ್ ತೊಟ್ಟಿ. ಅಲ್ಲಿಂದ ಹೊರಟ ನೀರು ಒಂದು ತೋಡಿಗೆ ಬಿದ್ದು ಕೊನೆಗೆ ಕಾವೇರಿಯನ್ನು ಸೇರುತ್ತದೆ.

ಕೇಂದ್ರ ಪರಿಸರ ಸಚಿವಾಲಯದ 2017ರ ಅಕ್ಟೋಬರ್ ಅಧಿಸೂಚನೆ ಮಹಾನಗರಗಳಲ್ಲದ ಊರುಗಳಿಗೆ ಲೀಟರಿಗೆ 30 ಮಿಲಿಗ್ರಾಂ ಬಿಒಡಿಯವರೆಗೆ (ನೀರಿನ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಅವಕಾಶ ಕೊಟ್ಟಿತ್ತು. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಬಿಗಿಗೊಳಿಸಿತು. ನಮ್ಮ ಪರವಾನಗಿಯಲ್ಲಿರುವುದೂ ಬಿಗಿಯಾದ ಅಂಕಿಗಳೇ: ಬಿಒಡಿ 10, ಸಿಒಡಿ (ಕೊಳೆಯನ್ನು ರಾಸಾಯನಿಕವಾಗಿ ಒಡೆಯಲು ಬೇಕಾಗುವ ಆಮ್ಲಜನಕ) 50, ತೇಲುಕಣ 20, ಅಮೋನಿಯಾ ಸಾರಜನಕ 5, ಒಟ್ಟು ಸಾರಜನಕ 10, ಮಲಮೂಲದ ಕೋಲಿಫಾರ್ಮ್ 100 ಮಿಲಿಲೀಟರಿಗೆ 100. ಮುಂದೆ ಬರುವ ಅಂಕಿಗಳನ್ನು ಇವುಗಳ ಎದುರಿಗಿಟ್ಟು ನೋಡಬೇಕು. ನೀರಿನ ಪರೀಕ್ಷೆಯ ಅಂಕಿಗೆ ಏಕಮಾನ ಹೇಳದ ಕಡೆಯಲ್ಲೆಲ್ಲ ಅದು ಲೀಟರಿಗೆ ಮಿಲಿಗ್ರಾಂ.

ಜುಲೈ 11–12: ಸುಟ್ಟದ್ದು ಹೇಗೆ

ರಾತ್ರಿ ಗಾಳಿಮಳೆಗೆ ಸಿಲ್ವರ್ ಓಕ್ ಮರದ ಕೊಂಬೆಯೊಂದು ತಂತಿಯ ಮೇಲೆ ಬಿದ್ದು ಮೂರು ಫೇಸುಗಳಲ್ಲಿ ಒಂದು ಹೋಯಿತು. ಮೋಟರ್ ಉಳಿದೆರಡು ಫೇಸುಗಳಲ್ಲೇ ಓಡಲು ಹೆಣಗಾಡಿ ವೈಂಡಿಂಗ್ ಸುಟ್ಟುಕೊಂಡಿತು. ಇದನ್ನು ತಡೆಯುವುದಕ್ಕೆಂದೇ ಪ್ಯಾನೆಲ್ಲಿನಲ್ಲಿ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಇದೆ. ಜೂನ್ ತಿಂಗಳಲ್ಲಿ ವೋಲ್ಟೇಜ್ ಏರುಪೇರಾದಾಗಲೆಲ್ಲ ಅದು ಬ್ಲೋವರನ್ನು ನಿಲ್ಲಿಸುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದುಹೋಗಿ ಬಟನ್ ಒತ್ತುವುದು ಬೇಸರವಾಗಿ, ನಾನೇ ಅದರ ಸಂಪರ್ಕಕ್ಕೆ ಅಡ್ಡಲಾಗಿ ಒಂದು ತುಂಡು ವೈರ್ ಹಾಕಿದ್ದೆ. 'ನಾಳೆ ತೆಗೆದರಾಯಿತು' ಎಂದುಕೊಂಡು ಹಾಕಿದ್ದು ಮೂರು ವಾರ ಹಾಗೆಯೇ ಇತ್ತು. ಹೆಚ್ಚು ಕರೆಂಟ್ ಹರಿದಾಗ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇಯ ಮುಳ್ಳು ಕೂಡ ಕೊನೆಯ ಗುರುತಿನಲ್ಲಿತ್ತು. ಅದನ್ನು ತಿರುಗಿಸಿದವರು ಯಾರೆಂದು ಲಾಗ್‌ಬುಕ್ಕಿನಲ್ಲಿಲ್ಲ, ನಾನಲ್ಲವೆಂದು ಆಣೆಯಿಟ್ಟು ಹೇಳಲಾರೆ.

ಬೆಳಿಗ್ಗೆ ನಿರೋಧ ಅಳೆಯುವ ಮೆಗ್ಗರ್ ಹಚ್ಚಿ ನೋಡಿದರೆ ವೈಂಡಿಂಗಿಗೂ ಬಾಡಿಗೂ ನಡುವೆ ಸೊನ್ನೆ. ಎರಡನೇ ಬ್ಲೋವರಿನ ಬೆಲ್ಟನ್ನು ಕೈಯಿಂದ ಎಳೆದರೆ ಪುಲ್ಲಿ ಕದಲಲಿಲ್ಲ. ಐದು ತಿಂಗಳು ಓಡಿಸದೆ ಬಿಟ್ಟಿದ್ದೆವು. ಸೋರುವ ನಾನ್ ರಿಟರ್ನ್ ವಾಲ್ವಿನ ಮೂಲಕ ಟ್ಯಾಂಕಿನ ತೇವದ ಗಾಳಿ ಹಿಂದಕ್ಕೆ ಬಂದು, ಒಳಗೆ ತಿರುಗಿ ಗಾಳಿ ತಳ್ಳುವ ಎರಡು ಲೋಬುಗಳೂ ತುಕ್ಕಿನಿಂದ ಒಂದಕ್ಕೊಂದು ಅಂಟಿಕೊಂಡಿದ್ದವು. ಅಂದರೆ ಕಾಗದದ ಮೇಲೆ ಎರಡು ಬ್ಲೋವರ್ ಇದ್ದ ಘಟಕದಲ್ಲಿ ಆ ದಿನ ಒಂದೂ ಇರಲಿಲ್ಲ.

ಮೋಟರನ್ನು ಬಿಚ್ಚಿ, ಪಿಕಪ್‌ನಲ್ಲಿ ಹಾಕಿ, ರೀವೈಂಡಿಂಗಿಗಾಗಿ ಮೈಸೂರಿಗೆ ಕಳುಹಿಸಿದೆವು. ನಾಲ್ಕು ದಿನದ ಕೆಲಸಕ್ಕೆ ಮಳೆ, ಭಾನುವಾರ, ಬೇರಿಂಗ್ ಹುಡುಕಾಟ ಎಲ್ಲ ಸೇರಿ ಎಂಟು ದಿನವಾಯಿತು. ಖರ್ಚು 14,500 ರೂಪಾಯಿ.

ಇತ್ತ ಅಂಟಿಕೊಂಡ ಬ್ಲೋವರಿನ ಒಳಗೆ ಸೀಮೆಎಣ್ಣೆ ಮತ್ತು ತುಕ್ಕು ಬಿಡಿಸುವ ಸ್ಪ್ರೇ ಹಾಕಿ ನೆನೆಸಿಟ್ಟೆವು. ಎರಡು ದಿನ ಕಾಯಬೇಕಾಗಿತ್ತು. ನಾನು ಆರು ಗಂಟೆಯಲ್ಲೇ ತಾಳ್ಮೆಗೆಟ್ಟು, ಪೈಪ್ ರೆಂಚಿಗೆ ನಾಲ್ಕು ಅಡಿಯ ಜಿಐ ಪೈಪ್ ತೂರಿಸಿ ಶಾಫ್ಟನ್ನು ತಿರುಗಿಸಿದೆ. ಅದು 'ಟಕ್' ಎಂದು ತಿರುಗಿತು. ಸಂತೋಷ ಐದು ನಿಮಿಷ. ಮುಚ್ಚಳ ತೆಗೆದು, ತೆಳು ಲೋಹದ ಎಲೆಗಳಿಂದ ಅಂತರ ಅಳೆಯುವ ಫೀಲರ್ ಗೇಜ್ ಹಾಕಿದಾಗ ಲೋಬುಗಳ ನಡುವೆ ಒಂದು ಕಡೆ 0.30 ಮಿಲಿಮೀಟರ್ ಅಂತರವಿತ್ತು, ಇನ್ನೊಂದು ಕಡೆ 0.05ರ ಎಲೆಯೂ ತೂರಲಿಲ್ಲ. ಎರಡು ಲೋಬುಗಳನ್ನು ಹೊಂದಿಸಿ ತಿರುಗಿಸುವ ಟೈಮಿಂಗ್ ಗೇರ್ ತನ್ನ ಜಾಗದಿಂದ ಸರಿದಿತ್ತು. ತುಕ್ಕು ಬಿಡಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಬ್ಲೋವರನ್ನೇ ಬೆಂಗಳೂರಿಗೆ ಕಳುಹಿಸಿ, ಟೈಮಿಂಗ್ ಕೂರಿಸಿ, ಬೇರಿಂಗ್ ಮತ್ತು ಆಯಿಲ್ ಸೀಲ್ ಬದಲಿಸಿ ತರಲು 38,000 ರೂಪಾಯಿ ತೆರಬೇಕಾಯಿತು. ಅದು ಹಿಂದಿರುಗಿದ್ದು ಆಗಸ್ಟ್ ಎರಡನೇ ವಾರದಲ್ಲಿ.

ಜುಲೈ 13–20: ಕಾಫಿ ತೋಟದ ಪಂಪು

ಗಾಳಿಯಿಲ್ಲದ ಟ್ಯಾಂಕಿನಲ್ಲಿ ಸ್ಲಡ್ಜ್, ಅಂದರೆ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳ ಕೆಸರು, ತಳಕ್ಕಿಳಿದು ಕೊಳೆಯತೊಡಗುತ್ತದೆ. 13ರಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ವಿಷಯ ತಿಳಿಸಿದೆವು. ಮುಚ್ಚಿಡುವುದರಿಂದ ಪ್ರಯೋಜನವೂ ಇರಲಿಲ್ಲ. ತೋಡಿನ ಬದಿಯ ಮನೆಯವರಿಗೆ ಅಷ್ಟರಲ್ಲಿ ವಾಸನೆ ಹೊಡೆದಿತ್ತು.

ತಾತ್ಕಾಲಿಕ ಗಾಳಿಗೆ ಮೊದಲು ಹೊಳೆದದ್ದು ಬಂಡೆ ಕೊರೆಯುವ ಟ್ರ್ಯಾಕ್ಟರ್ ಕಂಪ್ರೆಸರ್. ಅದರ ಗಾಳಿಯಲ್ಲಿ ಎಣ್ಣೆಯ ಹನಿ ಬರುತ್ತದೆ, ಒತ್ತಡ ನಮಗೆ ಬೇಕಾದುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ರಬ್ಬರ್ ಪೊರೆಗಳು ಉಳಿಯುವುದಿಲ್ಲವೆಂದು ಕೈಬಿಟ್ಟೆವು. ಆಮೇಲೆ ನೆನಪಾದದ್ದು ತೋಟಗಳ ಡೀಸೆಲ್ ಪಂಪ್‌ಸೆಟ್ಟುಗಳು. ಫೆಬ್ರವರಿ–ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸಲು ಸ್ಪ್ರಿಂಕ್ಲರ್ ನೀರು ಕೊಟ್ಟ ಮೇಲೆ ಅವು ಶೆಡ್ಡಿನಲ್ಲಿ ಸುಮ್ಮನೆ ಕೂತಿರುತ್ತವೆ. ಪರಿಚಯದ ಬೆಳೆಗಾರರೊಬ್ಬರು 10 ಎಚ್‌ಪಿಯ ಪಂಪನ್ನು, ಪೈಪುಗಳ ಸಮೇತ, ಬಾಡಿಗೆಯಿಲ್ಲದೆ ಕೊಟ್ಟರು. ಟ್ಯಾಂಕಿನ ನೀರನ್ನೇ ಎತ್ತಿ ಟ್ಯಾಂಕಿಗೇ ಸುರಿಯುವುದು ಯೋಜನೆ.

ಸ್ಪ್ರಿಂಕ್ಲರ್ ನಾಝಲ್ ಹಾಕಿ ಓಡಿಸಿದೆವು. ಕೂದಲು ಮತ್ತು ಪ್ಲಾಸ್ಟಿಕ್ ಎಳೆ ಸಿಕ್ಕಿಕೊಂಡು ಇಪ್ಪತ್ತು ನಿಮಿಷಕ್ಕೆ ಕಟ್ಟಿತು. ಅದಕ್ಕಿಂತ ಕೆಟ್ಟದ್ದೆಂದರೆ, ಕೊಳಚೆಯ ಸಣ್ಣ ಹನಿಗಳು ಗಾಳಿಯಲ್ಲಿ ನಮ್ಮ ಮುಖದ ಮೇಲೆಯೇ ಬೀಳುತ್ತಿದ್ದವು. ನಾಝಲ್ ಕಿತ್ತು, ಪೈಪಿನ ಬಾಯಿಯನ್ನು ಕೆಳಮುಖ ಮಾಡಿ, ನೀರಿನಿಂದ ಒಂದು ಅಡಿ ಮೇಲೆ ತಗಡಿನ ಹಲಗೆ ಕಟ್ಟಿ, ಅದಕ್ಕೆ ಬಡಿದು ಚೆದುರುವಂತೆ ಮಾಡಿದ ಮೇಲೆ ಕೆಲಸ ನಡೆಯಿತು. ಕರಗಿದ ಆಮ್ಲಜನಕ 0.3ರಿಂದ 0.5ರವರೆಗೆ ಸಿಕ್ಕಿತು. ಬೇಕಾದದ್ದು 2. ಸ್ಲಡ್ಜ್ ಪೂರ್ತಿ ಸಾಯದಂತೆ ಹಿಡಿದಿಟ್ಟಿತು ಎನ್ನಬಹುದು, ಅಷ್ಟೆ. ದಿನಕ್ಕೆ 40 ಲೀಟರಿನಂತೆ ಡೀಸೆಲ್ಲಿಗೆ ಒಟ್ಟು ಸುಮಾರು 28,000 ರೂಪಾಯಿ ಹೋಯಿತು.

ಈ ವಾರದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಬೇರೆ. ಕ್ಲಾರಿಫೈಯರಿನಿಂದ ಸ್ಲಡ್ಜನ್ನು ಏರೇಷನ್ ಟ್ಯಾಂಕಿಗೆ ಹಿಂದಿರುಗಿಸುವ ಪಂಪು ಚೆನ್ನಾಗಿಯೇ ಇತ್ತು. ಇರುವ ಅಲ್ಪ ಆಮ್ಲಜನಕವನ್ನು ಹಿಂದಿರುಗಿದ ಸ್ಲಡ್ಜ್ ತಿಂದುಬಿಡುತ್ತದೆಂದು ಲೆಕ್ಕ ಹಾಕಿ ಅದನ್ನು ನಿಲ್ಲಿಸಿಬಿಟ್ಟೆ. ಎರಡನೇ ದಿನ ಕ್ಲಾರಿಫೈಯರಿನ ತಳದಲ್ಲಿ ಕೊಳೆತ ಸ್ಲಡ್ಜ್ ಗುಳ್ಳೆ ಕಟ್ಟಿಕೊಂಡು ತಟ್ಟೆತಟ್ಟೆಯಾಗಿ, ಕಪ್ಪಗೆ ಮೇಲೆದ್ದು, ಅಂಚಿನ ಮೇಲಿಂದ ಹರಿದುಹೋಯಿತು. ಮಳೆನೀರು ಸೇರಿ ಒಳಹರಿವು ದುಪ್ಪಟ್ಟಾಗಿದ್ದುದರಿಂದ ಉಳಿದದ್ದೂ ತೊಳೆದುಹೋಯಿತು. ಜುಲೈ 10ರಂದು 3,400 ಇದ್ದ ಎಂಎಲ್‌ಎಸ್‌ಎಸ್, ಅಂದರೆ ಟ್ಯಾಂಕಿನ ನೀರಿನಲ್ಲಿರುವ ಸ್ಲಡ್ಜಿನ ಪ್ರಮಾಣ, 20ರ ಹೊತ್ತಿಗೆ 900ಕ್ಕೆ ಇಳಿದಿತ್ತು.

15ರಂದು ಮಂಡಳಿಯವರು ತೆಗೆದ ಮಾದರಿಯಲ್ಲಿ ಬಿಒಡಿ 64, ಸಿಒಡಿ 190, ತೇಲುಕಣ 118, ಅಮೋನಿಯಾ 31. ಕೋಲಿಫಾರ್ಮನ್ನಾದರೂ ಹಿಡಿಯೋಣವೆಂದು ಹೈಪೋಕ್ಲೋರೈಟನ್ನು ಮೂರು ಪಟ್ಟು ಹಾಕಿದ್ದೆವು. ಕ್ಲೋರಿನ್ ಮೊದಲು ಹೋಗಿ ಸೇರುವುದು ಅಮೋನಿಯಾದ ಜೊತೆಗೆ. ಅದನ್ನು ದಾಟಿ ಬಿಡಿ ಕ್ಲೋರಿನ್ ಉಳಿಯಬೇಕಾದರೆ ಅಮೋನಿಯಾದ ಒಂದು ಪಾಲಿಗೆ ಎಂಟು–ಹತ್ತು ಪಾಲು ಕ್ಲೋರಿನ್ ಬೇಕು. ನಾವು ಹಾಕಿದ್ದು ಯಾವ ಮೂಲೆಗೂ ಸಾಲಲಿಲ್ಲ. ಜಲ ಕಾಯ್ದೆ, 1974ರ ಅಡಿಯಲ್ಲಿ ಕಾರಣ ಕೇಳಿ ನೋಟಿಸ್ ಬಂತು.

ಜುಲೈ 20–ಆಗಸ್ಟ್ 6: ಬ್ಲೋವರ್ ಓಡಿತು, ಗಾಳಿ ಬರಲಿಲ್ಲ

ಮೋಟರ್ ಬಂದ ದಿನವೇ ಕೂರಿಸಿ, ಬೆಲ್ಟ್ ನೇರ ನೋಡಿ, ಓಡಿಸಿದೆವು. ಪ್ರೆಷರ್ ಗೇಜ್ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 0.46 ಕಿಲೋದಲ್ಲಿ ನಿಲ್ಲುವುದು 0.57ಕ್ಕೆ ಏರಿತು; ರಿಲೀಫ್ ವಾಲ್ವ್ ತೆರೆದು, ಅರ್ಧ ಗಾಳಿ ಕೋಣೆಯೊಳಗೇ ಹೊರಬಿತ್ತು. ಒಂಬತ್ತು ದಿನ ಪೊರೆಗಳ ಮೇಲೆ ಸ್ಲಡ್ಜ್ ಕೂತು ರಂಧ್ರಗಳು ಮುಚ್ಚಿಕೊಂಡಿದ್ದವು, ಹರಿದ ಪೊರೆಗಳ ಮೂಲಕ ನೀರು ಪೈಪುಗಳಿಗೆ ನುಗ್ಗಿತ್ತು. ಒಂದು ಸಾಲಿನ ವಾಲ್ವ್ ಮಾತ್ರ ತೆರೆದು, ಉಳಿದವನ್ನು ಭಾಗಶಃ ಮುಚ್ಚಿ, ಹತ್ತು ಹತ್ತು ನಿಮಿಷ ಜೋರಾಗಿ ಊದುತ್ತ, ನಡುವೆ ನಿಲ್ಲಿಸಿ ಪೊರೆ ಕುಗ್ಗಲು ಬಿಡುತ್ತ, ಹನ್ನೆರಡು ಸಾಲುಗಳನ್ನೂ ಮುಗಿಸಲು ಎರಡು ದಿನ ಹಿಡಿಯಿತು. ಗೇಜ್ 0.53ಕ್ಕೆ ಇಳಿಯಿತು. ಹರಿದ ಪೊರೆಗಳ ಮೇಲೆ ನೀರು ಕೊಳದ ಬುಗ್ಗೆಯಂತೆ ಎದ್ದು ಕುದಿಯುತ್ತಿತ್ತು. ಉಳಿದ ಕಡೆ ನಿಶ್ಚಲ.

ಟ್ಯಾಂಕ್ ಖಾಲಿ ಮಾಡದೆ ಪೊರೆ ಬದಲಿಸಲಾಗದು. ಆದರೆ ಜುಲೈ ಕೊನೆಯ ಮಳೆಯಲ್ಲಿ ನೆಲದೊಳಗಿನ ಟ್ಯಾಂಕನ್ನು ಖಾಲಿ ಮಾಡಿದರೆ, ಸುತ್ತಲಿನ ಅಂತರ್ಜಲ ಅದನ್ನು ದೋಣಿಯಂತೆ ಮೇಲೆತ್ತಿ ತಳ ಬಿರುಕು ಬಿಡಬಹುದು. ಪಕ್ಕದಲ್ಲಿ ಒಂದು ಗುಂಡಿ ತೋಡಿ ನೋಡಿದರೆ ಎರಡೂಮುಕ್ಕಾಲು ಅಡಿಗೇ ನೀರು. ಮಳೆ ಬಿಡುವವರೆಗೆ ಕಾಯಲು ತೀರ್ಮಾನಿಸಿದೆವು. ಇಡೀ 77 ದಿನಗಳಲ್ಲಿ ನಾನು ಆತುರಪಡದ ಒಂದೇ ತೀರ್ಮಾನ ಇದು.

ಕಾಯುವ ಹೊತ್ತಿನಲ್ಲಿ ಸ್ಲಡ್ಜ್ ಬೆಳೆಸುವ ಪ್ರಯತ್ನ ನಡೆಸಿದೆವು. ಬೇರೆ ಊರಿನ ಸುಸ್ಥಿತಿಯ ಘಟಕವೊಂದರಿಂದ ತಲಾ 6,000 ಲೀಟರಿನ ನಾಲ್ಕು ಟ್ಯಾಂಕರ್ ಬೀಜದ ಸ್ಲಡ್ಜ್ ತರಿಸಿದೆವು. ಬಾಡಿಗೆ ಟ್ಯಾಂಕರಿಗೆ 6,500ರಂತೆ 26,000. ಸುರಿದ ಮೇಲೆ ಪರೀಕ್ಷಿಸಿದರೆ ಎಂಎಲ್‌ಎಸ್‌ಎಸ್ ಏರಿದ್ದು ಕೇವಲ 270. ಅನಂತರ ಕೂತು ಲೆಕ್ಕ ಮಾಡಿದೆ: 24,000 ಲೀಟರಿನಲ್ಲಿ ಲೀಟರಿಗೆ 8 ಗ್ರಾಮಿನಂತೆ 192 ಕಿಲೋ ಸ್ಲಡ್ಜ್, ನಮ್ಮ 720 ಘನ ಮೀಟರ್ ಟ್ಯಾಂಕಿಗೆ ಬೇಕಾದದ್ದು 2,500 ಕಿಲೋ. ಈ ಎರಡು ಸಾಲಿನ ಲೆಕ್ಕವನ್ನು ಟ್ಯಾಂಕರಿಗೆ ಫೋನ್ ಮಾಡುವ ಮೊದಲು ಮಾಡಬೇಕಾಗಿತ್ತು.

ಬೆಲ್ಲದ ಪ್ರಕರಣವನ್ನೂ ಬರೆಯಬೇಕು. ಮಳೆನೀರು ಬೆರೆತ ಕೊಳಚೆಯಲ್ಲಿ ಸೂಕ್ಷ್ಮಜೀವಿಗಳಿಗೆ ಆಹಾರ ಕಡಿಮೆಯೆಂದೂ, ಬೆಲ್ಲ ಮತ್ತು ಸಗಣಿ ಹಾಕಿದರೆ ಬೇಗ ಬೆಳೆಯುತ್ತವೆಂದೂ ಈ ಕೆಲಸದಲ್ಲಿ ಪಳಗಿದವರೊಬ್ಬರು ಹೇಳಿದರು. ದಿನಕ್ಕೆ 50 ಕಿಲೋ ಬೆಲ್ಲದಂತೆ ನಾಲ್ಕು ದಿನ, ಜೊತೆಗೆ ಸಗಣಿ ನೀರು. ಹೊಸ ಟ್ಯಾಂಕನ್ನು ಸಾಕಷ್ಟು ಗಾಳಿಯೊಂದಿಗೆ ಆರಂಭಿಸುವಾಗ ಇದು ಕೆಲಸ ಮಾಡುತ್ತದೆ, ನಾನೇ ನೋಡಿದ್ದೇನೆ. ನಮ್ಮಲ್ಲಿ ಇಲ್ಲದ್ದೇ ಗಾಳಿ. ಬೆಲ್ಲ ಇದ್ದ ಆಮ್ಲಜನಕವನ್ನೂ ನುಂಗಿತು, 1.4 ಇದ್ದದ್ದು 0.4ಕ್ಕೆ ಇಳಿಯಿತು. ಟ್ಯಾಂಕಿನ ಮೇಲೆ ಮೊಣಕಾಲುದ್ದ ಬಿಳಿ ನೊರೆ ನಿಂತಿತು. ಎಳೆಎಳೆಯಾಗಿ ಬೆಳೆಯುವ ಜೀವಿಗಳು ಹೆಚ್ಚಿ, ಒಂದು ಲೀಟರ್ ನೀರನ್ನು ಅರ್ಧ ಗಂಟೆ ಕದಲಿಸದೆ ಬಿಡುವ ತಂಗುವ ಪರೀಕ್ಷೆಯಲ್ಲಿ ಸ್ಲಡ್ಜ್ 340 ಮಿಲಿಲೀಟರಿಗಿಂತ ಕೆಳಗಿಳಿಯಲಿಲ್ಲ. ಎಂಎಲ್‌ಎಸ್‌ಎಸ್ ಆಗ 1,400 ಮಾತ್ರ. ಹತ್ತು ಸಾವಿರ ರೂಪಾಯಿಯ ಬೆಲ್ಲ ಸುರಿದು ಮತ್ತಷ್ಟು ಸ್ಲಡ್ಜನ್ನು ತೋಡಿಗೆ ಕಳೆದುಕೊಂಡೆವು. ಐದನೇ ದಿನ ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನವಾದ ಕಕ್ಕಡ ಪದಿನೆಟ್ಟು. ಊರೆಲ್ಲ ಮದ್ದುಸೊಪ್ಪಿನ ಪಾಯಸ ಮಾಡುವ ದಿನ. 'ನಮ್ಮ ಟ್ಯಾಂಕಿಗೂ ಒಂದು ಲೋಟ ಹಾಕೋಣವಾ ಸಾರ್' ಎಂದು ಸಹಾಯಕ ಕೇಳಿದ. ಹಾಕಲಿಲ್ಲ, ಬೆಲ್ಲವನ್ನೂ ಅಂದಿಗೇ ನಿಲ್ಲಿಸಿದೆವು.

ಆಗಸ್ಟ್ 7–13: ಮಳೆನೀರು ಎಲ್ಲಿಂದ

ಎಷ್ಟು ಸ್ಲಡ್ಜ್ ಬೆಳೆಸಿದರೂ ಮಳೆ ಬಂದ ದಿನ ತೊಳೆದುಹೋಗುತ್ತಿತ್ತು. ಒಳಹರಿವಿನ ಕಾಲುವೆಯಲ್ಲಿ ಹರಿವು ಅಳೆಯುವ 90 ಡಿಗ್ರಿಯ ವಿ-ನಾಚ್ ತಗಡು ಇದೆ. ಇಷ್ಟು ದಿನ ಅದರ ಅಳತೆ ಬೆಳಿಗ್ಗೆ ಹತ್ತಕ್ಕೆ ಮಾತ್ರ ಬರೆಯುತ್ತಿದ್ದೆವು. ಊರು ಮಲಗಿರುವ ಬೆಳಗಿನ ಜಾವ ಮೂರು ಗಂಟೆಗೆ ಅಳೆಯತೊಡಗಿದೆವು. ಮಳೆಯಿಲ್ಲದ ರಾತ್ರಿ ನಾಚಿನ ಮೇಲೆ 6 ಸೆಂಟಿಮೀಟರ್, ಅಂದರೆ ಸೆಕೆಂಡಿಗೆ 1.2 ಲೀಟರ್. ಮಳೆಯ ರಾತ್ರಿ 14 ಸೆಂಟಿಮೀಟರ್, ಅಂದರೆ 10 ಲೀಟರ್. ಆ ಹೊತ್ತಿನಲ್ಲಿ ಯಾರೂ ಸ್ನಾನ ಮಾಡುವುದಿಲ್ಲ. ಹೆಚ್ಚಾದ ಒಂಬತ್ತು ಲೀಟರೂ ಮಳೆನೀರೇ.

ಒಂದು ವಾರ ಕೊಡೆ ಹಿಡಿದು ಮನೆಮನೆ ಸುತ್ತಿದೆವು. ನೋಡಿದ 212 ಮನೆಗಳಲ್ಲಿ 37 ಮನೆಗಳವರು ಮಾಡಿನ ನೀರಿನ ಪೈಪನ್ನು ಅಂಗಳದ ಒಳಚರಂಡಿ ಚೇಂಬರಿಗೇ ಇಳಿಸಿದ್ದರು. ಅವರನ್ನು ಬೈದು ಪ್ರಯೋಜನವಿಲ್ಲ. ಇಳಿಜಾರಿನ ಜಾಗದಲ್ಲಿ ಮಾಡಿನ ನೀರನ್ನು ಕೆಳಗಿನ ಮನೆಯ ಬರೆಯ (ಕಡಿದ ಮಣ್ಣಿನ ದಂಡೆಯ) ಮೇಲೆ ಬಿಟ್ಟರೆ ಬರೆ ಕುಸಿಯುತ್ತದೆಂಬ ಭಯ 2018ರ ಆಗಸ್ಟ್ ತಿಂಗಳ ಭೂಕುಸಿತ ಕಂಡ ಈ ಜಿಲ್ಲೆಯಲ್ಲಿ ಎಲ್ಲರಿಗೂ ಇದೆ. ರಸ್ತೆ ಚರಂಡಿಗೆ ಪೈಪ್ ತಿರುಗಿಸಲು ಜಾಗವಿದ್ದ 29 ಮನೆಗಳಲ್ಲಿ ತಿರುಗಿಸಿದೆವು. ಎಂಟು ಮನೆ ಇನ್ನೂ ಬಾಕಿ. ರಸ್ತೆ ಮಟ್ಟಕ್ಕಿಂತ ತಗ್ಗಿಗಿದ್ದ 14 ಮ್ಯಾನ್‌ಹೋಲ್‌ಗಳ ಕುತ್ತಿಗೆಯನ್ನು ಆರು ಇಂಚು ಎತ್ತರಿಸಿದೆವು. ಮುಂದಿನ ಜೋರು ಮಳೆಯ ರಾತ್ರಿ ಮೂರು ಗಂಟೆಗೆ ನಾಚಿನಲ್ಲಿ 10 ಸೆಂಟಿಮೀಟರ್: ಸೆಕೆಂಡಿಗೆ 4.4 ಲೀಟರ್. ಸ್ಲಡ್ಜ್ ಟ್ಯಾಂಕಿನಲ್ಲಿ ಉಳಿಯತೊಡಗಿತು.

ಆಗಸ್ಟ್ 14–21: ಡಿಫ್ಯೂಸರ್ ಬದಲಾವಣೆ

ಮಳೆ ಬಿಡುವು ಕೊಟ್ಟು ಗುಂಡಿಯ ನೀರು 2.3 ಮೀಟರಿಗೆ, ಅಂದರೆ ಟ್ಯಾಂಕಿನ ತಳಕ್ಕಿಂತ ಕೆಳಕ್ಕೆ ಇಳಿದ ಮೇಲೆ ಮೊದಲ ಕೋಣೆಯನ್ನು ಖಾಲಿ ಮಾಡಿದೆವು. ಸ್ಲಡ್ಜನ್ನು ಎರಡನೇ ಕೋಣೆಗೆ ದಾಟಿಸಿ, ತಳದ ಕೆಸರನ್ನು ಸಕ್ಕಿಂಗ್ ವಾಹನದಿಂದ ಎಳೆಸಿ, ಒಂದು ದಿನ ಫ್ಯಾನಿನಿಂದ ಗಾಳಿಯಾಡಿಸಿ, ಗ್ಯಾಸ್ ಡಿಟೆಕ್ಟರ್ ಇಳಿಬಿಟ್ಟು ಹೈಡ್ರೋಜನ್ ಸಲ್ಫೈಡ್ ಸೊನ್ನೆಯೆಂದು ಖಚಿತವಾದ ಮೇಲೆಯೇ, ಸೊಂಟಕ್ಕೆ ಹಗ್ಗದ ಬೆಲ್ಟ್ ಕಟ್ಟಿಕೊಂಡು, ಮೇಲೆ ಇಬ್ಬರನ್ನು ನಿಲ್ಲಿಸಿಕೊಂಡು ಇಳಿದೆವು. ಕೆಸರನ್ನು ಕೈಯಿಂದ ಬಾಚಲು ಒಬ್ಬರನ್ನು ಇಳಿಸಿದರೆ ಅರ್ಧ ದಿನ ಉಳಿಯುತ್ತದೆಂದು ಗುತ್ತಿಗೆದಾರರ ಕಡೆಯವರು ಹೇಳಿದ್ದರು. ಮನುಷ್ಯರನ್ನು ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಕಾಯ್ದೆ ಇರದಿದ್ದರೂ ನಾನು ಒಪ್ಪುತ್ತಿರಲಿಲ್ಲ.

ಮೊದಲ ಕೋಣೆಯಲ್ಲಿ 11 ಪೊರೆ ಹರಿದಿದ್ದವು, 9 ಗಟ್ಟಿಯಾಗಿ ಹಿಗ್ಗುತ್ತಿರಲಿಲ್ಲ. ಎರಡನೆಯದರಲ್ಲಿ 7 ಮತ್ತು 9. ಒಟ್ಟು 36 ತಟ್ಟೆ, ತಲಾ 850ರಂತೆ 30,600 ರೂಪಾಯಿ. ಮೊದಲ ಎರಡನ್ನು ರೆಂಚಿನಿಂದ ಬಿಗಿದು ತಟ್ಟೆಯನ್ನು ಪೈಪಿಗೆ ಹಿಡಿದಿಡುವ ಪಿವಿಸಿ ಸ್ಯಾಡಲನ್ನೇ ಸೀಳಿದೆವು. ಕೈಯಿಂದ ಬಿಗಿದು, ಆಮೇಲೆ ಕಾಲು ಸುತ್ತು ಮಾತ್ರ ಕೊಟ್ಟರೆ ಸಾಕು. ಎಲ್ಲ ತಟ್ಟೆಗಳೂ ಒಂದೇ ಮಟ್ಟದಲ್ಲಿರದಿದ್ದರೆ ಎತ್ತರದವಕ್ಕೆ ಮಾತ್ರ ಗಾಳಿ ಹೋಗುತ್ತದೆ. ಮೇಸ್ತ್ರಿಯ ಟ್ಯೂಬ್ ಲೆವೆಲ್ ಹಿಡಿದು ನೋಡಿದಾಗ ಒಂದು ಸಾಲು ಮೂರು ಸೆಂಟಿಮೀಟರ್ ಕುಸಿದಿದ್ದದ್ದು ಕಂಡಿತು. ಅದು ಕಟ್ಟಿದ ದಿನದಿಂದಲೂ ಹಾಗೆಯೇ ಇದ್ದಿರಬೇಕು. ನೀರು ತುಂಬಿಸುವ ಮೊದಲು ತಟ್ಟೆಗಳ ಮೇಲೆ ಒಂದು ಗೇಣು ನೀರು ನಿಲ್ಲಿಸಿ, ಗಾಳಿ ಬಿಟ್ಟು, ಗುಳ್ಳೆ ಸಮವಾಗಿ ಬರುವುದನ್ನು ನೋಡಿದೆವು.

21ರಂದು ಗೇಜ್ 0.47, ಆಮ್ಲಜನಕ 2.2. ದುರಸ್ತಿಯಾಗಿ ಬಂದ ಎರಡನೇ ಬ್ಲೋವರೂ ತನ್ನ ಜಾಗದಲ್ಲಿ ಕೂತಿತು. ಇನ್ನು ಹತ್ತು ದಿನದಲ್ಲಿ ಮುಗಿಯುತ್ತದೆಂದು ಲಾಗ್‌ಬುಕ್ಕಿನಲ್ಲಿ ಬರೆದಿದ್ದೇನೆ. ಆ ಸಾಲನ್ನು ಹೊಡೆದುಹಾಕಿಲ್ಲ.

ಆಗಸ್ಟ್ 28–ಸೆಪ್ಟೆಂಬರ್ 26: ಇಳಿಯದ ಅಮೋನಿಯಾ

28ರ ಪ್ರಯೋಗಾಲಯ ವರದಿಯಲ್ಲಿ ಬಿಒಡಿ 9, ತೇಲುಕಣ 16; ಕಣ್ಣಿಗೆ ನೀರು ತಿಳಿಯಾಗಿತ್ತು. ಅಮೋನಿಯಾ ಮಾತ್ರ 14. ಅಮೋನಿಯಾವನ್ನು ನೈಟ್ರೇಟ್ ಮಾಡುವ ಜೀವಿಗಳು ತಡವಾಗಿ ಬೆಳೆಯುತ್ತವೆ, ನಮ್ಮ ಟ್ಯಾಂಕಿನ ನೀರು ಮಳೆಗಾಲದಲ್ಲಿ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಆದ್ದರಿಂದ ಕಾಯಬೇಕು ಎಂದುಕೊಂಡೆ. ಪಿಎಚ್ 6.2 ಎಂದು ಅದೇ ವರದಿಯಲ್ಲಿತ್ತು. ಅದನ್ನು ಓದಿಯೂ ಗಮನಿಸಲಿಲ್ಲ. ಎರಡು ದಿನ ಬಿಟ್ಟು, ಕ್ಷಾರತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಅಳೆಯುವ ಕಿಟ್ ತರಿಸಿ ಟೈಟ್ರೇಷನ್ ಮಾಡಿದಾಗ ವಿಷಯ ಬಯಲಾಯಿತು. ಒಳಬರುವ ನೀರಿನಲ್ಲಿ ಕ್ಷಾರತೆ 138, ಟ್ಯಾಂಕಿನಲ್ಲಿ 24.

ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವಾಗ 7.14 ಮಿಲಿಗ್ರಾಂ ಕ್ಷಾರತೆ ಖರ್ಚಾಗುತ್ತದೆ. ಒಳಗೆ ಬರುವ 30ರಲ್ಲಿ 16 ಪರಿವರ್ತನೆಯಾಗಿತ್ತು, 16ನ್ನು 7.14ರಿಂದ ಗುಣಿಸಿದರೆ 114. 138ರಲ್ಲಿ 114 ಕಳೆದರೆ 24. ಕಿಟ್ಟಿನ ಅಂಕಿಯೂ ಅದೇ. ಜೀವಿಗಳು ಇರಲಿಲ್ಲವೆಂದಲ್ಲ, ಅವು ಮುಂದೆ ಹೋಗಲು ಕ್ಷಾರವೇ ಉಳಿದಿರಲಿಲ್ಲ. ನಮ್ಮ ಊರಿನ ಕುಡಿಯುವ ನೀರೇ ಮೃದು. ಬಯಲುಸೀಮೆಯ ಗಡುಸು ನೀರಿನ ಊರಿನಲ್ಲಿ ಈ ತೊಂದರೆ ಇಷ್ಟು ಬೇಗ ಕಾಣುತ್ತಿರಲಿಲ್ಲ. ಘಟಕದ ಕೈಪಿಡಿಯಲ್ಲಿ ಕ್ಷಾರತೆ ತುಂಬಿಕೊಡುವ ಸುಣ್ಣದ ಮಾತೇ ಇಲ್ಲ.

ಆ ಸಂಜೆಯೇ ತೋಟದ ಸಾಮಾನಿನ ಅಂಗಡಿಯಿಂದ 50 ಕಿಲೋದ 20 ಚೀಲ ಸುಣ್ಣ ತಂದೆವು. ಕಾಫಿ ಗಿಡದ ಬುಡಕ್ಕೆ ಹಾಕುವ ಕೃಷಿ ಸುಣ್ಣ. ದಿನಕ್ಕೆ 60 ಕಿಲೋದಂತೆ ಐದು ದಿನ ಹಾಕಿದರೂ ಕ್ಷಾರತೆ 24ರಿಂದ 31ಕ್ಕೆ ಮಾತ್ರ ಏರಿತು. ಅದು ಪುಡಿಮಾಡಿದ ಸುಣ್ಣಕಲ್ಲು. ಮಣ್ಣಿನಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಕರಗಲೆಂದೇ ಇರುವಂಥದ್ದು. ಟ್ಯಾಂಕಿನ ಮೂಲೆಯಲ್ಲಿ ಕೋಲು ಇಳಿಸಿದರೆ ತುದಿಗೆ ಬಿಳಿ ಕೆಸರು ಅಂಟಿ ಬಂತು. ಉಳಿದ 14 ಚೀಲಗಳನ್ನು ಪಂಪು ಕೊಟ್ಟಿದ್ದ ಬೆಳೆಗಾರರೇ ಕೊಂಡ ಬೆಲೆಗೆ ತೆಗೆದುಕೊಂಡರು.

ಬೇಕಾದದ್ದು ಅರಳಿದ ಸುಣ್ಣ. ಅಮೋನಿಯಾವನ್ನು 2ಕ್ಕೆ ಇಳಿಸಿ ಕ್ಷಾರತೆ 70 ಉಳಿಯಬೇಕಾದರೆ ಲೀಟರಿಗೆ 132 ಮಿಲಿಗ್ರಾಂ ಕ್ಷಾರತೆ ಸೇರಿಸಬೇಕು. 6 ಲಕ್ಷ ಲೀಟರಿಗೆ ಅದು 79 ಕಿಲೋ. ಕ್ಷಾರತೆಯನ್ನು ಸುಣ್ಣಕಲ್ಲಿನ ಲೆಕ್ಕದಲ್ಲಿ ಹೇಳುತ್ತಾರೆ; ಶುದ್ಧ ಅರಳಿದ ಸುಣ್ಣದ ಒಂದು ಕಿಲೋ 1.35 ಕಿಲೋ ಸುಣ್ಣಕಲ್ಲಿಗೆ ಸಮ. ನಮಗೆ ಸಿಕ್ಕಿದ್ದು ಶೇ. 80 ಶುದ್ಧಿಯದು. ಹೀಗೆ ದಿನಕ್ಕೆ 73 ಕಿಲೋ ಎಂದಾಯಿತು. ಕಿಲೋಗೆ 12ರಂತೆ 876 ರೂಪಾಯಿ. ಅಡುಗೆಸೋಡವಾದರೆ ಇನ್ನೂ ಸಲೀಸು, ಹೆಚ್ಚು ಬಿದ್ದರೂ ಪಿಎಚ್ ಹಾರುವುದಿಲ್ಲ. ಆದರೆ ದಿನಕ್ಕೆ ಐದು ಸಾವಿರ ಮೀರುತ್ತಿತ್ತು.

ಸುಣ್ಣದ ಹಾಲು ಕಲಸಿ ಹನಿಹನಿಯಾಗಿ ಬಿಡಲು ಡ್ರಮ್ ಬೇಕಾಗಿತ್ತು. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್‌ಮುಹೂರ್ತದ ರಜೆಯಿಂದಾಗಿ ಅಂಗಡಿಗಳು ಮುಚ್ಚಿದ್ದವು. ಪಕ್ಕದ ತೋಟದಿಂದ 500 ಲೀಟರಿನ ಸಿಂಟೆಕ್ಸ್ ಡ್ರಮ್ ತಂದು ನಲ್ಲಿ ಜೋಡಿಸುತ್ತಿದ್ದೆ. 'ಇದು ಕಾಳುಮೆಣಸಿಗೆ ಮದ್ದು ಹೊಡೆದ ಡ್ರಮ್ಮಲ್ಲವಾ ಸಾರ್' ಎಂದ ಸಹಾಯಕ. ಒಳಗೆ ಕೈಹಾಕಿ ಉಜ್ಜಿದರೆ ಬೆರಳು ತಿಳಿನೀಲಿ. ಬೋರ್ಡೋ ದ್ರಾವಣದ ಮೈಲುತುತ್ತು. ಶಿಲೀಂಧ್ರ ಕೊಲ್ಲುವ ಆ ತಾಮ್ರ, ನಾವು ಎರಡು ತಿಂಗಳಿಂದ ಸಾಕುತ್ತಿದ್ದ ಜೀವಿಗಳನ್ನೂ ಉಳಿಸುತ್ತಿರಲಿಲ್ಲ. ಡ್ರಮ್ಮನ್ನು ಹಿಂದಿರುಗಿಸಿ ಎರಡು ದಿನ ಬಕೆಟ್ಟಿನಲ್ಲೇ ಹಾಕಿದೆವು.

ಸುಣ್ಣವನ್ನು ಒಮ್ಮೆಲೇ ಸುರಿಯದೆ ದಿನಕ್ಕೆ ಎಂಟು ಸಲ ಹಂಚಿ ಹಾಕಿದೆವು, ಪಿಎಚ್ 7.0–7.3ರಲ್ಲಿ ನಿಂತಿತು. ಸೆಪ್ಟೆಂಬರ್ 12ಕ್ಕೆ ಅಮೋನಿಯಾ 9.5, 18ಕ್ಕೆ 5.8. ಆದರೆ ಅಮೋನಿಯಾ ಹೋದಷ್ಟೂ ನೈಟ್ರೇಟ್ ಏರಿ, 12ರಂದು ಒಟ್ಟು ಸಾರಜನಕ 24 ಇತ್ತು. ಅದಕ್ಕೂ ಮಿತಿ 10 ಇದೆ. ಮೊದಲ ಕೋಣೆಯ ಗಾಳಿಯನ್ನು ಪ್ರತಿ ಎರಡು ಗಂಟೆಗೆ 40 ನಿಮಿಷ ಬಂದ್ ಮಾಡತೊಡಗಿದೆವು. ಗಾಳಿಯಿಲ್ಲದ ಆ ಹೊತ್ತಿನಲ್ಲಿ ಬೇರೆ ಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಬಿಡುತ್ತವೆ. ಖರ್ಚಾಗಿದ್ದ ಕ್ಷಾರತೆಯಲ್ಲಿ ಅರ್ಧ ನೀರಿಗೆ ಮರಳುತ್ತದೆ. ಸುಣ್ಣ ದಿನಕ್ಕೆ 73 ಕಿಲೋದಿಂದ 42ಕ್ಕೆ ಇಳಿಯಿತು. ಮೊದಲು ವಾಲ್ವನ್ನು ಕೈಯಿಂದ ತಿರುಗಿಸಿ ಎರಡು ರಾತ್ರಿ ನಿದ್ದೆಗೆಟ್ಟೆವು, ಮೂರನೇ ದಿನ ಟೈಮರ್ ಇಟ್ಟ ಮೋಟರ್ ವಾಲ್ವ್ ಹಾಕಿಸಿದೆವು.

ಸೆಪ್ಟೆಂಬರ್ 26ರ ಮಾದರಿ: ಬಿಒಡಿ 6, ಸಿಒಡಿ 38, ತೇಲುಕಣ 11, ಅಮೋನಿಯಾ 3.1, ಒಟ್ಟು ಸಾರಜನಕ 9.4, ಕೋಲಿಫಾರ್ಮ್ 70. ಅಕ್ಟೋಬರಿನ ಮಾದರಿಯೂ ಮಿತಿಯೊಳಗೆ ಬಂದ ಮೇಲೆ ವರದಿಗಳನ್ನು ನೋಟಿಸಿನ ಉತ್ತರಕ್ಕೆ ಲಗತ್ತಿಸಿ ಕಳುಹಿಸಿದೆವು.

ಉಳಿದದ್ದು

ಸುಣ್ಣ ಮತ್ತು ಪ್ರಯೋಗಾಲಯದ ಶುಲ್ಕ, ಟೈಮರ್ ವಾಲ್ವು, ರಸ್ತೆ ಕೆಲಸ ಬಿಟ್ಟು ಖರ್ಚು ಸುಮಾರು 1,47,100 ರೂಪಾಯಿ. ಹೊಸ ಸಿಂಗಲ್ ಫೇಸಿಂಗ್ ಪ್ರಿವೆಂಟರಿನ ಬೆಲೆ 2,800. ಒಟ್ಟು ಸಾರಜನಕ ಮಿತಿಗೆ ತೀರ ಹತ್ತಿರವಿರುವುದರಿಂದ ಗಾಳಿ ನಿಲ್ಲಿಸುವ ಅವಧಿಯನ್ನು 50 ನಿಮಿಷಕ್ಕೆ ಏರಿಸಿ ನೋಡುತ್ತಿದ್ದೇವೆ. ಡಿಸೆಂಬರಿನಲ್ಲಿ ಕಾಫಿ ಪಲ್ಪಿಂಗ್ ಶುರುವಾದಾಗ ಯಾರಾದರೂ ಆ ಹುಳಿ ನೀರನ್ನು ಮ್ಯಾನ್‌ಹೋಲಿಗೆ ಬಿಟ್ಟರೆ ಮೊದಲು ಕುಸಿಯುವುದು ಕ್ಷಾರತೆಯೇ. ಒಳಹರಿವಿನ ಪಿಎಚ್ ಅನ್ನು ದಿನಕ್ಕೆ ಮೂರು ಸಲ ಬರೆಯುವ ಕ್ರಮ ಅದಕ್ಕಾಗಿ ಆರಂಭವಾಗಿದೆ. ಎರಡು ಬ್ಲೋವರ್‌ಗಳೂ ದಿನ ಬಿಟ್ಟು ದಿನ ಓಡುತ್ತವೆ. ಪ್ರಿವೆಂಟರನ್ನು ಬೀಗ ಹಾಕುವ ಪೆಟ್ಟಿಗೆಯೊಳಗೆ ಕೂರಿಸಿದ್ದೇವೆ. ಅದರ ಬೀಗದ ಕೈ ಸಹಾಯಕನ ಬಳಿ ಇದೆ, ನನ್ನ ಬಳಿ ಇಲ್ಲ.